ಅರ್ಧ ಬರೆದ ಪಂಚನಾಮೆ

ಮೊದಲು ಓದುಗ ಭಕ್ತರಲ್ಲಿ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿ ದುಡಿದವನು. ದನಗಳ ಔಷಧದ ಚೀಟಿ ಬಿಟ್ಟರೆ ಬೇರೇನನ್ನೂ ಬರೆದವನಲ್ಲ. ಪೂಜ್ಯ ನೀಲಗಂಗವ್ವ ತಾಯಿಯವರ ಸ್ಮರಣೆಯ ಪುಸ್ತಕಕ್ಕೆ ನೀವೂ ಒಂದು ಪ್ರಸಂಗ ಬರೆಯಲೇಬೇಕು ಎಂದು ಹಿರಿಯರು ಹೇಳಿದ್ದರಿಂದ ಕುಳಿತಿದ್ದೇನೆ. ಹೇಳಬೇಕಾದದ್ದನ್ನು ಬಿಟ್ಟು ಬೇಡದ್ದನ್ನು ಹೇಳಿದ್ದರೆ ತಪ್ಪು ನನ್ನದು, ತಾಯಿಯವರದಲ್ಲ. ಇನ್ನೊಂದು ಮಾತು. ಇದರಲ್ಲಿ ಪವಾಡವಿಲ್ಲ. ಪವಾಡಕ್ಕಾಗಿ ಓದುವವರು ನಿರಾಶರಾಗಬಾರದೆಂದು ಮೊದಲೇ ತಿಳಿಸುತ್ತಿದ್ದೇನೆ.

ಅವ್ವನವರು (ನಾವೆಲ್ಲ ತಾಯಿಯವರನ್ನು ಹಾಗೆಯೇ ಕರೆಯುತ್ತಿದ್ದೆವು) ಆಗ ತುಪ್ಪರಗಟ್ಟಿಯ ಹೊರಗೆ, ನಿಂತುಹೋದ ಹತ್ತಿ ಜಿನ್ನಿನ (ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯ) ಗೋದಾಮಿನಲ್ಲಿ ವಾಸವಾಗಿದ್ದರು. ತಗಡಿನ ಮಾಡು, ಮಣ್ಣಿನ ನೆಲ. ಗೋಡೆಯ ಸಂದುಗಳಲ್ಲಿ ಹಳೆಯ ಅರಳೆ ಇನ್ನೂ ಸಿಕ್ಕಿಕೊಂಡಿತ್ತು. ಕೂರಲು ಒಂದು ಗೋಣಿತಾಟು, ಉಡಲು ಎರಡು ಬಿಳಿ ಸೀರೆ, ದಿನಕ್ಕೆ ಒಂದು ರೊಟ್ಟಿ. ಇಡೀ ದಿನ ಅವರು ಕೌದಿ ಹೊಲಿಯುತ್ತಿದ್ದರು. ಕೌದಿ ಎಂದರೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಹಳೆಯ ಸೀರೆ ಧೋತರಗಳ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಕೈಯಿಂದ ಹೊಲಿದ ಹೊದಿಕೆ. ಭಕ್ತರು ತಮ್ಮ ಮನೆಯ ಹಳೆಯ ಅರಿವೆ ತಂದುಕೊಡುವರು. ಅವ್ವನವರು ಹೊಲಿದು ಅದೇ ಮನೆಗೆ ಮರಳಿಸುವರು. ಗರ್ಭಿಣಿಯರು ಬಂದರೆ ತೊಟ್ಟಿಲಿಗೆ ಸಣ್ಣದೊಂದು ಕೌದಿ. ಉಪದೇಶವೆಂದು ಅವರು ಬೇರೆ ಮಾಡಿದ್ದನ್ನು ನಾನು ಕಂಡಿಲ್ಲ.

ಈಗ ನಮ್ಮ ತಂದೆಯವರ ವಿಷಯ ಹೇಳಬೇಕು. ಅವರ ಹೆಸರು ಅಡಿವೆಪ್ಪ. ಪೊಲೀಸ್ ಖಾತೆಯಲ್ಲಿ ದಫೇದಾರರಾಗಿದ್ದು ನಿವೃತ್ತರಾದವರು. ಪಂಚನಾಮೆ ಬರೆಯುವುದರಲ್ಲಿ ಅವರನ್ನು ಮೀರಿಸುವವರು ಇಡೀ ತಾಲೂಕಿನಲ್ಲಿ ಇರಲಿಲ್ಲವೆಂದು ಹೇಳುತ್ತಿದ್ದರು. ಪಂಚನಾಮೆ ಎಂದರೆ ಘಟನೆ ನಡೆದ ಸ್ಥಳದಲ್ಲಿ ಏನೇನಿದೆಯೋ ಅದನ್ನೆಲ್ಲ ಪಂಚರ ಎದುರು ಬರೆದು ಸಹಿ ಮಾಡಿಸುವ ದಾಖಲೆ. ರಕ್ತ ಬಿದ್ದ ಕಲ್ಲನ್ನಷ್ಟೇ ಬರೆದರೆ ಸಾಲದು. ಪಕ್ಕದ ತಂಬಿಗೆ, ಗೂಟಕ್ಕೆ ಕಟ್ಟಿದ ಆಡು, ಒಲೆಯ ಬೂದಿ ಎಲ್ಲವೂ ಬರಬೇಕು. ಒಂದು ಬಿಟ್ಟುಹೋದರೂ ಕೋರ್ಟಿನಲ್ಲಿ ದಾಖಲೆ ಸುಳ್ಳಾಗುತ್ತದೆ ಎಂದು ತಂದೆಯವರೇ ನನಗೆ ಎಷ್ಟೋ ಸಲ ಹೇಳಿದ್ದರು.

ನನಗೊಬ್ಬ ಅಕ್ಕ ಇದ್ದಳು, ಕಸ್ತೂರಿ. ನಮ್ಮ ತಾಯಿ ಬೇಗ ತೀರಿಹೋದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಚೊಚ್ಚಲು ಹೆರಿಗೆಗೆಂದು ತವರಿಗೆ ಬಂದಿದ್ದಳು. ನೋವು ಕಾಣಿಸಿಕೊಂಡಾಗ ಸೂಲಗಿತ್ತಿ, “ಇನ್ನೂ ಹೊತ್ತೈತ್ರಿ, ಏನೂ ಆಗಂಗಿಲ್ಲ” ಎಂದಳು. ತಂದೆಯವರು ಆ ಮಾತು ನಂಬಿ ಮಧ್ಯಾಹ್ನದ ಬಸ್ಸಿಗೆ ಕಾದರು. ಆಸ್ಪತ್ರೆ ತಲುಪುವ ಮೊದಲೇ ದಾರಿಯಲ್ಲಿ ಅಕ್ಕ ಹೋದಳು. ಕೂಸೂ ಉಳಿಯಲಿಲ್ಲ. ಅವಳಿಗೆ ಇಪ್ಪತ್ತೆರಡು ವರ್ಷ, ನನಗೆ ಹನ್ನೆರಡು. ಅಂದಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. “ಏನೂ ಆಗಂಗಿಲ್ಲ” ಎಂದು ಯಾರಾದರೂ ಅಂದರೆ ಅವರು ಮೋಸಗಾರರೆಂದು ತಂದೆಯವರು ತೀರ್ಮಾನಿಸಿಬಿಡುತ್ತಿದ್ದರು.

ಹದಿನಾರು ವರ್ಷಗಳ ಮೇಲೆ ನನ್ನ ಹೆಂಡತಿ ಚಂಪಾವತಿ ಗರ್ಭಿಣಿಯಾದಳು. ತಂದೆಯವರ ಸಂಶಯ ಆಗ ಮನೆಯ ತುಂಬ ಹರಡಿತು. ಹಾಲಿನವಳು ನೀರು ಹಾಕುತ್ತಾಳೆ, ಡಾಕ್ಟರರು ಏನೋ ಮುಚ್ಚಿಡುತ್ತಾರೆ, ಜೀಪಿನ ಡ್ರೈವರ್ ಕುಡುಕ, ಆಸ್ಪತ್ರೆಯ ದಾರಿಯ ಸೇತುವೆಗೆ ಬಿರುಕಿದೆ. ಊಟಕ್ಕೆ ಕುಳಿತಾಗ ಇದ್ದಕ್ಕಿದ್ದಂತೆ, “ಆ ಹೊತ್ತಿಗೆ ಜೀಪ್ ಚಾಲೂ ಆಗಲಿಲ್ಲ ಅಂದ್ರ?” ಎನ್ನುವರು. ಕಣ್ಣ ಮುಂದೆ ನಡೆಯುತ್ತಿರುವಂತೆ ವಿವರಿಸುವರು. ಚಂಪಾವತಿ ಕೈತೊಳೆದು ಎದ್ದುಬಿಡುವಳು. ಏಳನೆಯ ತಿಂಗಳಲ್ಲಿ ಕುಬಸ ಮಾಡುವ ಮಾತು ಬಂತು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಕೊಟ್ಟು ಉಡಿ ತುಂಬುವುದು. ತಂದೆಯವರು ಖಂಡಿತ ಬೇಡವೆಂದರು. ಅಕ್ಕನಿಗೆ ಊರೇ ನೋಡುವಂತೆ ಕುಬಸ ಮಾಡಿದ್ದರು. ಮುಂದೆ ಎರಡು ತಿಂಗಳಿಗೆ ಅವಳು ಹೋದಳು.

ಚಂಪಾವತಿ ಅಂದು ನನಗೆ ಹೇಳಿದ್ದು: “ಏನ್ರೀ, ನಿಮ್ಮಪ್ಪಾರು ದಿನಾ ನನ್ನ ಹೆಣಾ ಎತ್ತಾಕತ್ತಾರ. ನಾ ಇನ್ನೂ ಜೀವಂತ ಅದೀನಿ. ಹಿಂಗ ಆದ್ರ ನಾ ನಮ್ಮವ್ವನ ಮನಿಗೆ ಹೋಗ್ತೀನಿ, ಮತ್ತ ತಿರುಗಿ ಬರಂಗಿಲ್ಲ.”

ಆಗದ ಮಾತಾಡುವವಳಲ್ಲ ಅವಳು. ನನ್ನ ಸಂಸಾರ ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿ ನಾನಿದ್ದೆ.

ಇಂಥ ಹೊತ್ತಿಗೆ ಟ್ರಂಕಿನಲ್ಲಿದ್ದ ಅಕ್ಕನ ಕುಬಸದ ಸೀರೆ ಕಾಣೆಯಾಯಿತು. ಇಳಕಲ್ಲಿನ ಹಸಿರು ಸೀರೆ, ಕೆಂಪು ಸೆರಗು. ತಂದೆಯವರು ಅದನ್ನು ಹದಿನಾರು ವರ್ಷ ಬಿಚ್ಚಿ ನೋಡಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲೂ ಇಲ್ಲ. ಟ್ರಂಕಿನ ಧೂಳಿನ ಮೇಲೆ ಬಳೆ ತಾಗಿದ ಗುರುತು ನೋಡಿಯೇ ಅವರಿಗೆ ಗೊತ್ತಾಯಿತು.

“ಸೀರಿ ಎಲ್ಲೈತಿ?” ಎಂದರು.

“ಅವ್ವಾರ ಕಡೆ ಕೊಟ್ಟೀನ್ರಿ ಮಾವಾರ,” ಎಂದಳು ಚಂಪಾವತಿ ತಡಮಾಡದೆ. “ಹುಟ್ಟಿದ ಕೂಸಿಗೆ ಹೆಸರಿಡಾಕ ಸೋದರತ್ತಿ ಬೇಕು. ನನ್ನ ಕೂಸಿಗೆ ಅತ್ತಿ ಇಲ್ಲ. ಆಕಿ ಸೀರ್ಯಾಗರ ಮಲಗಲಿ ಅಂತ ಕೊಟ್ಟೆ.”

ತಂದೆಯವರು ಮಾತಾಡಲಿಲ್ಲ. ಮಾತಾಡದಿದ್ದರೆ ಅವರು ತನಿಖೆಗೆ ತೊಡಗಿದ್ದಾರೆಂದೇ ಅರ್ಥ.

ಮೂರು ದಿನ ಅವರು ಜಿನ್ನಿನ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತರು. ಯಾರು ಗಂಟು ಹೊತ್ತು ಒಳಗೆ ಹೋಗುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಬರುವಾಗ ಮುಖ ಹೇಗಿರುತ್ತದೆ, ಎಲ್ಲ ನೋಡಿದರು. ನಮ್ಮ ಕಡೆ ಉಟ್ಟುಬಿಟ್ಟ ಅರಿವೆಯನ್ನು ಪರರ ಕೈಗೆ ಕೊಡಲು ಜನ ಹೆದರುತ್ತಾರೆ, ಅದರಿಂದ ಮಾಟ ಮಾಡಿಸುತ್ತಾರೆಂಬ ನಂಬಿಕೆಯಿದೆ. ತಂದೆಯವರ ಅನುಮಾನವೂ ಅದೇ. ಅಂಗಡಿಯ ದಾವಲಸಾಬರು ಈ ಮಾತುಕತೆಯನ್ನು ಮುಂದೆ ನನಗೆ ಹೇಳಿದರು.

“ಅಲ್ಲೋ ದಾವಲಾ, ಗಂಟುಗಟ್ಟಲೆ ಹಳೇ ಸೀರಿ ಒಳಗ ಹೋಗ್ತಾವಲ್ಲ, ಹೊರಗ ಏನು ಬರತೈತಿ?”

“ಕೌದಿ ಬರ್ತಾವ್ರಿ ಸಾಹೇಬ್ರ.”

“ಮತ್ತೇನು ಬರತೈತಿ?”

“ಮತ್ತೂ ಕೌದಿನ ಬರ್ತಾವ್ರಿ. ನೀವು ಮೂರು ದಿನದಿಂದ ನೋಡಾಕತ್ತೀರಿ, ಒಂದರ ಆನಿ ಬಂತನ್ರಿ?”

ನಾಲ್ಕನೆಯ ದಿನ ಬೆಳಿಗ್ಗೆ ತಂದೆಯವರು ರುಮಾಲು ಸುತ್ತಿಕೊಂಡು ನೆಟ್ಟಗೆ ಗೋದಾಮಿಗೆ ಹೊರಟರು. ಚಂಪಾವತಿ ನನ್ನನ್ನು ಹಿಂದೆಯೇ ಅಟ್ಟಿದಳು. ಆದ್ದರಿಂದ ಮುಂದಿನದೆಲ್ಲ ನಾನು ಬಾಗಿಲ ಬಳಿ ನಿಂತು ಕಣ್ಣಾರೆ ಕಂಡದ್ದು, ಕೇಳಿದ್ದು.

ಅವ್ವನವರು ಗೋಣಿತಾಟಿನ ಮೇಲೆ ಕುಳಿತಿದ್ದರು. ಸುತ್ತ ಐದಾರು ಜನ ಹೆಣ್ಣುಮಕ್ಕಳು ದಾರ ಎಳೆಯುತ್ತಿದ್ದರು. ತಂದೆಯವರು ಚಪ್ಪಲಿಯನ್ನೂ ಕಳಚಲಿಲ್ಲ.

“ಏನವ್ವಾ, ಕಳುವಿನ ಮಾಲು ಐತಿ ನಿನ್ನ ಕಡೆ. ಹಸಿರು ಸೀರಿ. ತೆಗಿ ಹೊರಗ.”

“ಐತಪ್ಪಾ,” ಎಂದರು ಅವ್ವನವರು. “ಆದ್ರ ತುಂಡಾಗೈತಿ.”

ಅವರ ತೊಡೆಯ ಮೇಲೆಯೇ ಅದು ಇತ್ತು. ಅಕ್ಕನ ಹಸಿರು, ನಮ್ಮ ತಾಯಿಯ ನೀಲಿ ಸೀರೆ, ನನ್ನ ಶಾಲೆಯ ಅಂಗಿ ಇವುಗಳ ತುಂಡುಗಳನ್ನು ಸೇರಿಸಿ ಅಂಚು ಹೊಲಿದಿದ್ದರು. ತಂದೆಯವರು ಬಗ್ಗಿ ನೋಡಿದರು.

“ಯಾರನ್ನ ಕೇಳಿ ಕತ್ತರಿ ಹಾಕಿದಿ?”

“ತಂದಾಕಿನ್ನ ಕೇಳಿ.”

“ಮಾಟಕ್ಕ ಎಷ್ಟು ತುಂಡು ಬೇಕಾಗ್ತಾವ?”

ಹೆಣ್ಣುಮಕ್ಕಳು ಸೂಜಿ ನಿಲ್ಲಿಸಿದರು. ನಾನು ನಾಚಿಕೆಯಿಂದ ನೆಲ ನೋಡಿದೆ. ಅವ್ವನವರು ಮಾತ್ರ ನಕ್ಕರು. “ಮಾಟಕ್ಕ ಒಂದು ಬೊಟ್ಟಿನಷ್ಟು ಅರಿವಿ ಸಾಕಂತ ಹೇಳ್ತಾರಪ್ಪಾ. ಅಷ್ಟ ಸಾಕಿದ್ರ ಇಷ್ಟು ಹೊಲಿಯೂ ತ್ರಾಸು ಯಾರು ತಗೊಂತಾರ?”

ಒಬ್ಬಳು ಕಿಸಕ್ಕನೆ ನಕ್ಕಳು. ತಂದೆಯವರು ಅವಳನ್ನು ದುರುಗುಟ್ಟಿ ನೋಡಿ, ತಮ್ಮ ಕೊನೆಯ ಪ್ರಶ್ನೆ ಹಾಕಿದರು. ಇದು ಬಲೆಯೆಂದು ನನಗೆ ಗೊತ್ತಿತ್ತು. ಕಳ್ಳರಿಗೂ ಅವರು ಹೀಗೆಯೇ ಮೆತ್ತಗೆ ಕೇಳುತ್ತಿದ್ದರಂತೆ.

“ಆತು ಬಿಡು. ನನ್ನ ಸೊಸಿ ಹೆರಿಗಿ ಸುಸೂತ್ರ ಆಗತೈತೋ ಇಲ್ಲೋ? ಅದನ್ನರ ಹೇಳು.”

ಅವ್ವನವರು “ಏನೂ ಆಗಂಗಿಲ್ಲ” ಎಂದಿದ್ದರೆ ಸಾಕಿತ್ತು. ತಂದೆಯವರು ಅಲ್ಲಿಂದ ಸೀದಾ ಠಾಣೆಗೆ ಹೋಗಿ ಫಿರ್ಯಾದು ಕೊಡುತ್ತಿದ್ದರು. ಬರೆದ ಕಾಗದ ಅವರ ಕಿಸೆಯಲ್ಲೇ ಇತ್ತು, ಅದನ್ನು ಅವರೇ ಮುಂದೆ ನನಗೆ ತೋರಿಸಿದರು.

ಅವ್ವನವರು ಎಂದರು: “ನನಗ ಗೊತ್ತಿಲ್ಲಪ್ಪಾ. ನೋವು ಬಂದ ಕೂಡ್ಲೆ ದವಾಖಾನಿಗೆ ಕರಕೊಂಡು ಹೋಗ್ರಿ. ಬಸ್ಸಿಗೆ ಕಾಯಬ್ಯಾಡ್ರಿ.”

ಬಸ್ಸಿನ ಸಂಗತಿಯನ್ನೆಲ್ಲ ಚಂಪಾವತಿ ಅವ್ವನವರಿಗೆ ಮೊದಲೇ ಹೇಳಿದ್ದಳು. ಸುಳ್ಳು ಹೇಳುವವರನ್ನು ಹಿಡಿಯುವುದು ತಂದೆಯವರಿಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಹೇಳುವವರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ, ಹೀಗೆಂದು ನಾನು ಭಾವಿಸುತ್ತೇನೆ.

ಆಗ ಅವ್ವನವರು ಕೌದಿಯನ್ನೂ ಸಣ್ಣ ಕತ್ತರಿಯನ್ನೂ ಮುಂದೆ ಇಟ್ಟರು. “ನಿನ್ನ ಮಾಲು, ಬಿಚ್ಚಿಕೋ. ಆದ್ರ ಜಪ್ತಿ ಮಾಡೂ ಮುಂದ ಪಂಚನಾಮೆ ಆಗಬೇಕಲ್ಲ? ಇವರೆಲ್ಲ ಪಂಚರು. ಬಾಯಿಲೆ ಹೇಳಿದ್ರ ಸಾಕು.”

ಇದರಲ್ಲೂ ಏನೋ ಮೋಸವಿದೆಯೆಂದು ತಂದೆಯವರು ಸ್ವಲ್ಪ ಹೊತ್ತು ಕತ್ತರಿಯನ್ನೇ ತಿರುಗಿಸಿ ನೋಡಿದರು. ಆಮೇಲೆ ಚಪ್ಪಲಿ ಕಳಚಿ ಕುಳಿತರು. ಹಳೆಯ ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡು ಒದರಿದರು: “ಇಳಕಲ್ ಸೀರೆ ಒಂದು. ಬಣ್ಣ ಹಸಿರು, ಸೆರಗು ಕೆಂಪು. ಮೃತಳು ಧರಿಸಿದ್ದು.”

“ಮೃತಳು,” ಎಂದರು ಅವ್ವನವರು. “ಅದಕ್ಕಿಂತ ಮೊದಲ ಏನಿದ್ದಳು?”

ತಂದೆಯವರು ಮೊದಲ ಹೊಲಿಗೆಗೆ ಕತ್ತರಿ ಹಾಕಿದರು. ಎರಡು, ಮೂರು ಹೊಲಿಗೆ ಬಿಚ್ಚಿದರು. ನಾಲ್ಕನೆಯದಕ್ಕೆ ಬೆರಳು ನಿಂತಿತು. ಆ ಹಸಿರು ತುಂಡಿನ ಮಧ್ಯೆ ಸಾಸಿವೆಯಷ್ಟು ಗಾತ್ರದ, ಸುತ್ತ ಕಪ್ಪಾದ ತೂತು ಇತ್ತು.

“ಇದು ಬೀಡಿ ಕಿಡಿ,” ಎಂದರು. ಅವರ ಧ್ವನಿ ಪೊಲೀಸರ ಧ್ವನಿಯಾಗಿ ಉಳಿದಿರಲಿಲ್ಲ. “ನನ್ನ ಬೀಡಿದು.”

“ಬರಿಯಪ್ಪಾ,” ಎಂದರು ಅವ್ವನವರು.

ತಂದೆಯವರು ಹೇಳತೊಡಗಿದರು. ಕುಬಸದ ದಿನ ಅವರು ಪಕ್ಕದಲ್ಲಿ ಕುಳಿತು ಬೀಡಿ ಸೇದುವಾಗ ಕಿಡಿ ಹಾರಿ ಹೊಸ ಸೀರೆಗೆ ಬಿತ್ತಂತೆ. ಅಕ್ಕ ಗೂಟದಿಂದ ಅವರ ಪೊಲೀಸ್ ಟೊಪ್ಪಿಗೆ ತೆಗೆದು ತಲೆಗಿಟ್ಟುಕೊಂಡು, ಎಲ್ಲ ಬೀಗರ ಎದುರು, “ಏ ದಫೇದಾರ, ನಿಂತ್ಕೋ! ಬಸುರಿ ಹೆಂಗಸಿನ ಸೀರಿ ಸುಟ್ಟೀದಿ, ಒಂದು ತಿಂಗಳು ಬೀಡಿ ಬಂದ್!” ಎಂದು ತೀರ್ಪು ಕೊಟ್ಟಳಂತೆ. ತಂದೆಯವರು ಕಿವಿ ಹಿಡಿದು ನಿಂತರಂತೆ. ಆ ದಿನ ನಾನೂ ಅಲ್ಲಿದ್ದೆ. ಟೊಪ್ಪಿಗೆ ಅವಳ ಕಣ್ಣಿನವರೆಗೆ ಇಳಿದಿದ್ದು ನನಗೂ ಆಗ ನೆನಪಾಯಿತು. ಹದಿನಾರು ವರ್ಷ ನಾವಿಬ್ಬರೂ ಅದನ್ನು ಎಲ್ಲಿಟ್ಟಿದ್ದೆವೋ ತಿಳಿಯದು.

ಆಮೇಲೆ ಒಂದಾದಮೇಲೊಂದು ಬಂದವು. ಅಕ್ಕ ರೊಟ್ಟಿ ಬಡಿಯುವಾಗ ಹಾಡು ತಪ್ಪಿದರೆ ರೊಟ್ಟಿಯೂ ಹರಿಯುತ್ತಿದ್ದದ್ದು. ಕೊಟ್ಟ ಮನೆಯಿಂದ ಬರೆದ ಕಾಗದದಲ್ಲಿ ಅತ್ತೆಯ ಗೊರಕೆಯನ್ನು ವರ್ಣಿಸಿದ್ದು. ಕತ್ತರಿ ನೆಲದ ಮೇಲೆಯೇ ಇತ್ತು. ಮಧ್ಯದಲ್ಲಿ ಒಮ್ಮೆ ತಂದೆಯವರಿಗೆ ಸಿಟ್ಟು ಬಂತು.

“ಇದನ್ನೆಲ್ಲಾ ಯಾಕ ಹೇಳಸಾಕತ್ತೀ? ಆಕಿ ಸತ್ತದ್ದು ಖರೆ ಐತಿ!”

“ಖರೆ,” ಎಂದರು ಅವ್ವನವರು. “ಇಪ್ಪತ್ತೆರಡು ವರ್ಷ ಬಾಳಿದಾಕಿದು ಒಂದು ಮಧ್ಯಾಹ್ನದ ಪಂಚನಾಮೆ ಬರದು ಸಹಿ ಹಾಕೀದಿ. ಇನ್ನೂ ಆಗದೇ ಇದ್ದದ್ದರದು ಪೂರ್ತಿ ಬರದಿಟ್ಟೀದಿ. ಎರಡೂ ಸುಳ್ಳು ದಾಖಲೆ, ದಫೇದಾರ.”

ಮೂವತ್ತು ವರ್ಷದ ನೌಕರಿಯಲ್ಲಿ ಯಾವ ವಕೀಲನೂ ತಂದೆಯವರಿಗೆ ಆ ಮಾತು ಹೇಳಿರಲಿಲ್ಲ. ಅವರು ತಲೆ ತಗ್ಗಿಸಿದರು. ಎದ್ದು ಹೋಗುತ್ತಾರೆಂದು ನಾನು ಹೆದರಿದೆ.

“ಹಂಗಾರ ಮುಂದಿಂದು ಹೆಂಗ ಬರೀಬೇಕು?” ಎಂದು ಕೇಳಿದರು. “ಮುಂದ ಅಂದ್ರ ನನಗ ಆ ದಾರಿ ಒಂದ ಕಾಣತೈತಿ. ಜೀಪ್ ಒಂದ ಕಾಣತೈತಿ.”

“ಜೀಪ್ ಬರಿ. ದಾರಿ ಬರಿ. ಅಲ್ಲಿಗೇ ನಿಲ್ಲಸಬ್ಯಾಡ. ಈ ಕೌದಿ ಮ್ಯಾಲೆ ಯಾರು ಮಲಗ್ತಾರ?”

“…ಕೂಸು.”

“ಮಲಗಿ ಏನು ಮಾಡತೈತಿ?”

ತಂದೆಯವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಸ್ಥಳದಲ್ಲಿ ನಿಂತು ನೋಡುವವರಂತೆ ಕಣ್ಣು ಕಿರಿದು ಮಾಡಿ. ಕೊನೆಗೆ, “ಉಚ್ಚಿ ಹೊಯ್ಯತೈತಿ,” ಎಂದರು.

ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅವ್ವನವರು ಗಂಭೀರವಾಗಿಯೇ ಕೇಳಿದರು: “ಒಗಿಯಾಕ ಯಾರು?”

“ಯಾರಂದ್ರ? ನಾನ ಒಗೀತೀನಿ. ಆಕಿ ಹಸಿ ಬಾಣಂತಿ, ತಣ್ಣೀರಾಗ ಕೈ ಹಾಕಬಾರದು.”

ಹೇಳಿದ ಮೇಲೆ ತಂದೆಯವರಿಗೆ ತಾವೇನು ಹೇಳಿದೆವೆಂದು ಗೊತ್ತಾಯಿತು. ಓದುಗರಿಗೂ ಇದನ್ನು ಬಿಡಿಸಿ ಹೇಳದಿದ್ದರೆ ತಪ್ಪಾದೀತು. ಬಾಣಂತಿ ಎಂದರೆ ಹೆರಿಗೆಯಾಗಿ ಬದುಕಿ ಮನೆಗೆ ಬಂದವಳು. ಏಳು ತಿಂಗಳಲ್ಲಿ ಅವರ ಮನಸ್ಸು ಒಮ್ಮೆಯೂ ಚಂಪಾವತಿಯನ್ನು ಹೆರಿಗೆಯ ಆಚೆಯ ದಂಡೆಗೆ ಮುಟ್ಟಿಸಿರಲಿಲ್ಲ. ಯಾವಾಗಲೂ ದಾರಿಯಲ್ಲೇ ಬಿಟ್ಟು ಬರುತ್ತಿತ್ತು. ಆ ದಿನ ಮೊದಲ ಸಲ ಅವಳು ಅವರ ಕಣ್ಣಿಗೆ ತಲೆಗೆ ಅರಿವೆ ಕಟ್ಟಿಕೊಂಡು ಒಳಮನೆಯಲ್ಲಿ ಕುಳಿತವಳಾಗಿ ಕಂಡಳು. ಅವರು ರುಮಾಲು ತೆಗೆದು ಮುಖ ಮುಚ್ಚಿಕೊಂಡರು. ಯಾರೂ ಅವರನ್ನು ಸಮಾಧಾನ ಮಾಡಲಿಲ್ಲ. ಅವ್ವನವರು ಸೂಜಿಯನ್ನು ಅವರ ಕಡೆ ಚಾಚಿ, “ನನಗ ಕಣ್ಣು ಕಾಣಂಗಿಲ್ಲಪ್ಪಾ, ದಾರ ಪೋಣಿಸಿ ಕೊಡು. ನೀ ಬಿಚ್ಚಿದ್ದು ಮೂರು ಹೊಲಿಗಿ ಅದಾವ,” ಎಂದರು. ತಂದೆಯವರು ದಾರದ ತುದಿಯನ್ನು ಬಾಯಲ್ಲಿ ನೆನೆಸಿ ಪೋಣಿಸಿಕೊಟ್ಟರು.

ಆ ದಿನ ಮನೆಗೆ ಬರುವ ದಾರಿಯಲ್ಲಿ ಬಳೆಗಾರರ ಅಂಗಡಿಯ ಮುಂದೆ ಅವರು ನಿಂತರು. “ಚಂಪಾನ ಕೈ ಅಳತಿ ಎಷ್ಟೋ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಎಂಥಾ ಗಂಡನೋ ನೀ!” ಎಂದು ಬೈದು ಮೂರು ಅಳತೆಯ ಹಸಿರು ಬಳೆ ಕಟ್ಟಿಸಿದರು. ಕುಬಸವಾಯಿತು. ಚಂಪಾವತಿ ತವರಿಗೆ ಹೋಗಿದ್ದು ಕುಬಸವಾದ ಒಂಬತ್ತನೆಯ ದಿನ, ತಿರುಗಿ ಬಂದಿದ್ದು ಹನ್ನೊಂದನೆಯ ದಿನ. “ಹೆರಿಗಿಗೆ ಇಲ್ಲೇ ಇರ್ತೀನಿ, ಇಲ್ಲಿ ದವಾಖಾನಿ ಸನೇ ಐತಿ,” ಎಂದಳು.

ತಂದೆಯವರ ಸಂಶಯ ಪೂರ್ತಿ ಹೋಯಿತೆಂದು ಯಾರೂ ತಿಳಿಯಬಾರದು. ಜೀಪಿನ ಡ್ರೈವರನನ್ನು ಅವರು ಎರಡು ಸಲ ಬಾಯಿ ಮೂಸಿ ಪರೀಕ್ಷಿಸಿದರು. ಸೇತುವೆಯ ಬಿರುಕನ್ನು ಹೋಗಿ ನೋಡಿಬಂದರು. ಅವ್ವನವರು ಎಚ್ಚರವನ್ನು ಬಿಡು ಎಂದು ಹೇಳಿರಲೇ ಇಲ್ಲವಲ್ಲ. ಆದರೆ ಊಟದ ಹೊತ್ತಿಗೆ ಈಗ, “ಕಸ್ತೂರಿ ಹುಟ್ಟಿದಾಗ ಎಷ್ಟು ಕೂದಲಿದ್ದವು ಗೊತ್ತೇನು?” ಎಂದು ಶುರುಮಾಡುವರು. ಚಂಪಾವತಿ ಇನ್ನೊಂದು ರೊಟ್ಟಿ ಹಾಕಿಕೊಳ್ಳುವಳು.

ಹೆರಿಗೆ ಸುಲಭವಾಗಲಿಲ್ಲ. ಆಪರೇಷನ್ ಮಾಡಬೇಕಾಯಿತು. ನಾನು ಗೋಡೆಗೆ ಒರಗಿ ಅಳುತ್ತಿದ್ದೆ. ನರ್ಸಮ್ಮ ಬಂದು, “ಏನೂ ಆಗಂಗಿಲ್ಲ ಬಿಡ್ರಿ ಅಜ್ಜಾರ,” ಎಂದಾಗ ನಾನು ತಟ್ಟನೆ ತಂದೆಯವರ ಕಡೆ ತಿರುಗಿದೆ. ತಂದೆಯವರು ಸಿಟ್ಟಾಗಲಿಲ್ಲ. “ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲವ್ವಾ. ಅರಿವಿ ಒಗಿಯಾಕ ಇಲ್ಲಿ ಬಕೇಟು ಎಲ್ಲಿ ಸಿಗತೈತಿ, ಅದನ್ನ ಹೇಳು,” ಎಂದರು.

ತಾಯಿ, ಮಗಳು ಇಬ್ಬರೂ ಉಳಿದರು. ಇದು ಡಾಕ್ಟರರ ಕೌಶಲ, ಅವ್ವನವರೇ ಹಾಗೆಂದರು. ಮುಂದೆ ಐದು ತಿಂಗಳು ತಂದೆಯವರು ದಿನಾ ಬೆಳಿಗ್ಗೆ ಓಣಿಯ ನಲ್ಲಿಯ ಹತ್ತಿರ ಕುಳಿತು ಆ ಕೌದಿ ಒಗೆದರು. ದಾರಿಯಲ್ಲಿ ಹೋಗುವವರು, “ದಫೇದಾರ್ರ, ಇದೇನ್ ನಡಸೀರಿ?” ಎಂದು ಕಿಚಾಯಿಸಿದರೆ, “ಸಾಕ್ಷಿ ನಾಶ!” ಎಂದು ಗಟ್ಟಿಯಾಗಿ ಕೂಗುವರು.

ಪ್ರಸಂಗ ಇಷ್ಟೇ. ಇದರ ತಾತ್ಪರ್ಯವನ್ನೂ ಬರೆಯಬೇಕೆಂದು ಹಿರಿಯರು ಹೇಳಿದ್ದಾರೆ. ನನಗೆ ತಿಳಿದಷ್ಟು ಹೇಳುತ್ತೇನೆ. ಹಿಂದಿನದನ್ನು ಮರೆತುಬಿಡು, ಮುಂದಿನದರ ಯೋಚನೆ ಬಿಡು ಎಂದು ಬೇರೆ ದೊಡ್ಡವರು ಹೇಳುವುದನ್ನು ನಾನು ಕೇಳಿದ್ದೇನೆ. ಅವ್ವನವರು ಹಾಗೆ ಹೇಳಲಿಲ್ಲ. ಮರೆಯಲು ಹೋಗಿಯೇ ತಂದೆಯವರು ಕೆಟ್ಟಿದ್ದರು. ನೆನೆಯುವುದಾದರೆ ಪೂರ್ತಿ ನೆನೆ ಎಂದರು ಅವ್ವನವರು. ಇನ್ನು ಮುಂದಿನದರ ಬಗ್ಗೆ, ನಾವು ಅದನ್ನು ಹೇಗೂ ಊಹಿಸುತ್ತಲೇ ಇರುತ್ತೇವೆ, ಆದ್ದರಿಂದ ಊಹಿಸುವಾಗ ಮನಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಅಂದರೆ ಒಳ್ಳೆಯದನ್ನೇ ಊಹಿಸಬೇಕೆಂದಲ್ಲ, ಅದೂ ಒಂದು ಸುಳ್ಳೇ. ಹಾಗಲ್ಲ, ಇನ್ನೂ ಸರಿಯಾಗಿ ಹೇಳುವುದಾದರೆ, ಭಯ ಯಾವ ಜಾಗದಲ್ಲಿ ನಿಂತುಬಿಡುತ್ತದೆಯೋ ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ…

ಕ್ಷಮಿಸಬೇಕು, ತಂದೆಯವರು ಅಂಗಳದಿಂದ ಕೂಗುತ್ತಿದ್ದಾರೆ. ಅವರಿಗೀಗ ಎಂಬತ್ತಾರು. “ಏ ಬಸಲಿಂಗಾ, ಎಷ್ಟು ಹೊತ್ತು ಬರೀತಿಯೋ? ಸಮಗಾರನ ಅಂಗಡಿ ಮುಚ್ಚತಾನ, ಬಾ ಲಗೂನ. ಈ ಸಲ ಚಪ್ಪಲಿಗೆ ದಪ್ಪನ್ನ ತಳಾ ಹಾಕಸೂಣು, ಹತ್ತು ವರ್ಷರ ಬಾಳಿಕಿ ಬರಬೇಕು” ಎನ್ನುತ್ತಿದ್ದಾರೆ. ಹೋಗಿ ಬರುತ್ತೇನೆ.